ತಮಟೆ ಕಾಯಿಸ್ತೀವಿ, ಗಂಟಲು ಯಾಕೆ ಕಾಯಿಸಲ್ಲ?



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಾದಾಗ ಓದಿ. ಆದ್ರೆ ಹಾಡೋರು, ಘೋಷಣೆ ಕೂಗೋರು, ಬೀದಿ ನಾಟಕ ಆಡೋರು ದಯವಿಟ್ಟು ಪೂರ್ತಿ ಓದಿ.

ಹೋದ ವಾರ ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ಹುಡುಗಿ ಇನ್‌ಬಾಕ್ಸಿಗೆ ವಾಯ್ಸ್ ಮೆಸೇಜ್ ಕಳಿಸಿದ್ಲು. ನಮ್ಮ ಕಡೆಯವಳೇ. ಹಾಸ್ಟೆಲಿನಲ್ಲಿದ್ದುಕೊಂಡು ಬಿಎ ಓದ್ತಿದಾಳೆ. ಏಪ್ರಿಲ್ 14ರ ಕಾರ್ಯಕ್ರಮಗಳಲ್ಲಿ ಅವಳು ಹಾಡೋಕೆ ಶುರು ಮಾಡಿದ್ರೆ ಹಿಂದಿನ ಸಾಲಲ್ಲಿ ಹರಟೆ ಹೊಡೀತಿದ್ದೋರೂ ಸುಮ್ಮನಾಗ್ತಾರೆ. ಅಂಥ ದನಿ. ಅವಳು ಕೇಳಿದ್ದು ಇಷ್ಟೇ:

"ಅಕ್ಕ, ಒಂದು ಚಾನೆಲ್‌ನೋರ ಹಾಡಿನ ಸ್ಪರ್ಧೆಗೆ ಆಡಿಷನ್ ಅದೆ. ಅದಕ್ಕೆ ಮುಂಚೆ ಒಂದು ತಿಂಗ್ಳು ವಾಯ್ಸ್ ಕೋಚ್ ಹತ್ರ ಹೋಗೋಣ ಅಂತಿವ್ನಿ. ನಮ್ಮ ಅಣ್ಣಂದಿರು ಬಯ್ತಾವ್ರೆ. ಮಡಿವಂತರ ಸಂಗೀತ ಕಲ್ತು ನಿನ್ನ ದನಿ ಕೆಡಿಸ್ಕತೀಯ, ನಮ್ಮ ದನಿಗೆ ತಾಲೀಮು ಬ್ಯಾರೆ ಬೇಕಾ ಅಂತಾರೆ. ನಾನು ಹೋಗ್ಲಾ, ಬ್ಯಾಡ್ವಾ?"

ಅವಳಿಗೆ ಎರಡೇ ಪದದಲ್ಲಿ ಉತ್ತರ ಕೊಟ್ಟೆ. "ಹೋಗು ಮಗಾ."

ಆದ್ರೆ ಆ ಅಣ್ಣಂದಿರಿಗೆ ಎರಡು ಪದ ಸಾಲದು. ಅವರು ನನ್ನ ಸಂಗಾತಿಗಳೇ, ನಾನು ಗೌರವಿಸೋರೇ. ಅವರ ಮಾತು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಹದಿನೈದು ವರ್ಷ ನಾನೂ ಅದೇ ಮಾತು ಆಡಿದೀನಿ. ಆ ಮಾತಿಗೆ ಬೆಲೆ ಕೊಟ್ಟಿದ್ದು ನನ್ನ ಗಂಟಲು. ಅದನ್ನ ಇವತ್ತು ಹೇಳ್ಕೋತೀನಿ.

*

ನನಗೆ ಹನ್ನೆರಡು ವರ್ಷ ಇದ್ದಾಗ ನಮ್ಮ ಮೇಷ್ಟ್ರು ಒಬ್ರು, "ಈ ಹುಡುಗಿ ಚೆನ್ನಾಗಿ ಹಾಡ್ತಾಳೆ, ಸಂಗೀತ ಕಲಿಸಿ" ಅಂತ ಅಪ್ಪನಿಗೆ ಹೇಳಿ ತಾಲ್ಲೂಕು ಕೇಂದ್ರದಲ್ಲಿದ್ದ ಒಬ್ಬ ಸಂಗೀತದ ಟೀಚರ್ ಮನೆಗೆ ಸೇರಿಸಿದ್ರು. ಮೊದಲನೇ ದಿನ ಆ ಅಮ್ಮ ಕೇಳಿದ ಪ್ರಶ್ನೆ, "ನಿಮ್ಮದು ಯಾವ ಬೀದಿ?" ಎರಡನೇ ಪ್ರಶ್ನೆ, "ಮನೆದೇವರು ಯಾವುದು?" ಜಾತಿ ಯಾವುದು ಅಂತ ನೇರವಾಗಿ ಕೇಳೋದು ಅಸಭ್ಯ ಅಂತ ಅವರಿಗೆ ಗೊತ್ತಿತ್ತು. ಉತ್ತರ ಸಿಕ್ಕ ಮೇಲೆ ಮಿಕ್ಕ ಮಕ್ಕಳು ನಡುಮನೆಯಲ್ಲಿ, ನಾನು ಬಾಗಿಲ ಪಕ್ಕ. ಯಾರೂ ಅಲ್ಲಿ ಕೂರು ಅಂತ ಹೇಳಲಿಲ್ಲ. ನನ್ನ ಚಾಪೆ ಅಲ್ಲಿ ಹಾಸಿರ್ತಿತ್ತು, ಅಷ್ಟೇ.

ಸುಳ್ಳು ಹೇಳಲ್ಲ. ಆ ಅಮ್ಮ ಚೆನ್ನಾಗಿ ಕಲಿಸ್ತಿದ್ರು. ಶ್ರುತಿಪೆಟ್ಟಿಗೆ ಹಾಕಿ ಬರೀ "ಸ" ಒಂದನ್ನೇ ಹತ್ತು ನಿಮಿಷ ಹಿಡಿಸ್ತಿದ್ರು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಇವತ್ತಿಗೂ ನಾನು ಶ್ರುತಿ ಬಿಟ್ಟು ಆಚೆ ಈಚೆ ಹೋಗಲ್ಲ ಅಂದ್ರೆ ಅದು ಅವರ ಪುಣ್ಯ. ಅದನ್ನ ಹೇಳದೆ ಇದ್ರೆ ನಾನು ಕೃತಘ್ನೆ ಆಗ್ತೀನಿ.

ಆದ್ರೆ ಒಂದು ದಿನ "ಹಾಡು" ಅನ್ನೋಕೆ ನಮ್ಮೂರ ಬಾಯಲ್ಲಿ ಬರೋ ಹಾಗೆ "ಆಡು" ಅಂದೆ. "ಆಡು ಅಂದ್ರೆ ಮೇಕೆ ಕಣೇ. ಮೇಕೆ ಥರ ಅರಚಬೇಡ" ಅಂದ್ರು. ನಡುಮನೆ ಪೂರ್ತಿ ನಕ್ಕಿತು. ಅವತ್ತಿಂದ ಕ್ಲಾಸಿಗೆ ಹೋದ್ರೆ ಅರ್ಧ ಗಂಟೆ ಹಕಾರ. ಹಾಲು, ಹೂವು, ಹಣ್ಣು, ಹಟ್ಟಿ. ಮಂಡ್ಯ ಸೀಮೆಯಲ್ಲಿ ಗೌಡರ ಮನೆಯಲ್ಲೂ ಹಾಲು "ಆಲು"ವೇ. ಆದ್ರೆ ನಗು ಬಿದ್ದಿದ್ದು ಬಾಗಿಲ ಪಕ್ಕದ ಚಾಪೆ ಮೇಲೆ. ನಾಲ್ಕನೇ ತಿಂಗಳು ಹೋಗಲ್ಲ ಅಂತ ಹಟ ಹಿಡಿದೆ. ಅವ್ವ ಬಲವಂತ ಮಾಡಲಿಲ್ಲ.

ಆಮೇಲೆ ಸಂಘಟನೆಗೆ ಬಂದೆ. ಇಲ್ಲಿ ನನ್ನ ದನಿಗೆ ಯಾರೂ ನಗಲಿಲ್ಲ. ಎಪ್ಪತ್ತರ ದಶಕದಿಂದ ನಮ್ಮ ಚಳವಳಿ ಹಾಡಿನ ಮೇಲೇ ನಡ್ಕೊಂಡು ಬಂದಿದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕ ಆಗಿ ಬಂದಿದ್ದು 1975ರಲ್ಲಿ. ಓದು ಬಾರದ ನಮ್ಮಜ್ಜಿಯಂಥೋರಿಗೂ ಅದು ತಲುಪಿದ್ದು ಗಂಟಲಿಂದ ಗಂಟಲಿಗೆ. ನಾನೂ ಆ ಸಾಲಿಗೆ ಸೇರಿದೆ ಅನ್ನೋ ಹೆಮ್ಮೆ. ದಿನಕ್ಕೆ ನಾಲ್ಕು ಊರು, ಒಂದೊಂದು ಊರಲ್ಲಿ ಆರು ಹಾಡು, ಮಧ್ಯೆ ಘೋಷಣೆ, ಟೆಂಪೋದಲ್ಲಿ ಹೋಗ್ತಾ ಮತ್ತೆ ಹಾಡು. "ತಾಲೀಮು ಮಾಡಿದ ದನಿ ಅವರದ್ದು, ಹಸಿದ ದನಿ ನಮ್ಮದು" ಅಂತ ನಾನೇ ವೇದಿಕೆ ಮೇಲೆ ಹೇಳ್ತಿದ್ದೆ. ಚಪ್ಪಾಳೆ ಬೀಳ್ತಿತ್ತು.

ಒಂದು ಜಾಥಾದ ಐದನೇ ದಿನ ಮೈಕ್ ಹಿಡಿದೆ, ದನಿ ಬರಲಿಲ್ಲ. ಕಟ್ಟಿದ್ದಲ್ಲ, ಬರಲೇ ಇಲ್ಲ. ಗಾಳಿ ಮಾತ್ರ ಬಂತು. ಮೆಣಸು ಜಗಿದೆ, ಕಲ್ಲುಸಕ್ಕರೆ ಇಟ್ಕೊಂಡೆ, ಬಿಸಿ ನೀರು ಕುಡಿದೆ. ಮೂರು ದಿನ ಬಿಟ್ಟು ಗೊರಗೊರ ಅನ್ನೋ ದನಿ ಬಂತು, ಅದರಲ್ಲೇ ಮತ್ತೆ ಹಾಡಿದೆ. ಜನ "ಎಂಥಾ ಗಡಸು ದನಿ!" ಅಂದ್ರು. ಎಂಟು ತಿಂಗಳು ಆ ಗೊಗ್ಗರು ದನಿಯಲ್ಲೇ ಕಳೆದೆ. ಕೊನೆಗೆ ಕಿವಿ ಮೂಗು ಗಂಟಲು ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆ ಮೇಲೆ ತೋರಿಸಿದ್ರು. ಎರಡು ಧ್ವನಿ ತಂತುಗಳು. ಎರಡರ ಅಂಚಲ್ಲೂ ಎದುರುಬದುರಾಗಿ ಒಂದೊಂದು ಸಣ್ಣ ಗಂಟು. ಗುದ್ದಲಿ ಹಿಡಿದ ಅಂಗೈಲಿ ದಡ್ಡು ಕಟ್ಟುತ್ತಲ್ಲ, ಅದೇ ಥರ. "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದ್ರು. ಏನು ಹೇಳಲಿ? "ಹಾಡ್ತೀನಿ" ಅಂದೆ. "ಕಲಿತಿದೀರಾ?" ಅಂದ್ರು. ಸುಮ್ಮನಿದ್ದೆ.

ಅವ್ವನ ಅಂಗೈ ನೆನಪಾಯ್ತು. ನಮ್ಮ ಮೈಮೇಲಿನ ದಡ್ಡನ್ನ ನಾವು ದುಡಿಮೆಯ ಗುರುತು ಅಂತ ಹೆಮ್ಮೆಯಿಂದ ತೋರಿಸ್ತೀವಿ. ಆದ್ರೆ ದಡ್ಡು ಕಟ್ಟಿದ ಕೈ ಇನ್ನೂ ಗುದ್ದಲಿ ಹಿಡಿಯುತ್ತೆ. ದಡ್ಡು ಕಟ್ಟಿದ ಗಂಟಲು ಹಾಡಲ್ಲ.

*

ಆಪರೇಷನ್ ಬೇಕಾಗಲಿಲ್ಲ. ಕೆಲವು ದಿನ ಮೌನ, ಆಮೇಲೆ ದನಿಯ ಥೆರಪಿ. (ಗೊತ್ತಿಲ್ಲದವರಿಗೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬರೀ ಕಿವಿ ಕೇಳದವರಿಗೆ ಅಲ್ಲ, ದನಿ ಕೆಟ್ಟವರಿಗೂ ಇದೆ. ಸರ್ಕಾರದ್ದು.) ಅದು ಮುಗಿದ ಮೇಲೆ ಒಂದು ನಾಟಕದ ಹಾಡುಮೇಳಕ್ಕೆ ಆಡಿಷನ್ ಕರೆದಿದ್ರು. ಹೋಗೋ ಆಸೆ, ಹಾಡೋಕೆ ಭಯ. ಗೆಳತಿಯೊಬ್ಬಳು ಬೆಂಗಳೂರಲ್ಲಿ ರಂಗಭೂಮಿಯವರಿಗೆ ದನಿ ತರಬೇತಿ ಕೊಡೋ ಒಬ್ಬರ ಹತ್ರ ಕರ್ಕೊಂಡು ಹೋದ್ಲು. ಒಂದು ಕ್ಲಾಸಿಗೆ ಎಂಟುನೂರು ರೂಪಾಯಿ. ನನ್ನ ಹತ್ರ ಇಲ್ಲ ಅಂದೆ. "ಇದ್ದಾಗ ಕೊಡಿ, ನಿಮ್ಮ ಹುಡುಗರು ನಾಲ್ಕು ಜನರನ್ನ ಜೊತೆಗೆ ಕರ್ಕೊಂಡು ಬನ್ನಿ" ಅಂದ್ರು.

ಬಾಗಿಲ ಪಕ್ಕ ಚಾಪೆ ಇದೆಯಾ ಅಂತ ನನ್ನ ಕಣ್ಣು ಹುಡುಕ್ತು. ಇರಲಿಲ್ಲ. ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ ಅಂದ್ರು. ಹೊಟ್ಟೆ ಮೇಲೆ ಒಂದು ಪುಸ್ತಕ ಇಟ್ಟು ಉಸಿರಾಡಿ, ಪುಸ್ತಕ ಮೇಲೆ ಕೆಳಗೆ ಹೋಗಬೇಕು, ಭುಜ ಅಲ್ಲಾಡಬಾರದು. ಹಾಡಿಲ್ಲ, ಸ್ವರ ಇಲ್ಲ. ಮೊದಲ ವಾರ ಬರೀ ಇಷ್ಟೇ. ನಾನು ಇಷ್ಟು ವರ್ಷ ಉಸಿರನ್ನ ಎದೆ ಮೇಲ್ಭಾಗಕ್ಕೆ ಎಳ್ಕೊಂಡು, ಕತ್ತಿನ ನರ ಬಿಗಿ ಮಾಡಿ, ಗಂಟಲಿಂದ ನೂಕ್ತಿದ್ದೆ ಅಂತ ಆಗ ಗೊತ್ತಾಯ್ತು.

ಎರಡನೇ ವಾರ ತುಟಿ ಸಡಿಲ ಬಿಟ್ಟು "ಬ್ರ್ರ್ರ್" ಅನ್ನಿಸಿದ್ರು. ಮಕ್ಕಳು ಬಸ್ ಆಟ ಆಡುವಾಗ ಮಾಡ್ತವಲ್ಲ, ಅದೇ. ಆಮೇಲೆ ಬಾಯಿ ಮುಚ್ಚಿ "ಮ್‌ಮ್‌". ಆಮೇಲೆ ಅರ್ಧ ಲೋಟ ನೀರಲ್ಲಿ ಎಳನೀರು ಕುಡಿಯೋ ಸ್ಟ್ರಾ ಅದ್ದಿ, ಗುಳ್ಳೆ ಬರಿಸ್ತಾ ದನಿ ಮಾಡೋದು. ಇದೇನು ಮಕ್ಕಳಾಟ ಅನ್ಸುತ್ತೆ. ಬಾಯಿ ಅರ್ಧ ಮುಚ್ಚಿದಾಗ ಹೊರಗೆ ಹೋಗೋ ಗಾಳಿಗೆ ತಡೆ ಆಗುತ್ತೆ, ಆ ಒತ್ತಡ ಹಿಂದಕ್ಕೆ ಬಂದು ತಂತುಗಳು ಜೋರಾಗಿ ಬಡಿಕೊಳ್ಳದ ಹಾಗೆ ಕಾಪಾಡುತ್ತೆ. ಹೆಂಗಸರು ಸಾಮಾನ್ಯವಾಗಿ ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಕ್ತವೆ. ತಾರಸ್ಥಾಯಿಗೆ ಏರಿದ್ರೆ ಅದರ ಎರಡರಷ್ಟು, ಇನ್ನೂ ಹೆಚ್ಚು. ತಯಾರಿ ಇಲ್ಲದೆ ಗಂಟೆಗಟ್ಟಲೆ ಆ ಥರ ಬಡಿದ್ರೆ ಊದಿಕೊಳ್ಳದೆ ಇನ್ನೇನು?

ಇನ್ನೊಂದು ಮೂಢನಂಬಿಕೆ ಅವತ್ತೇ ಹೋಯ್ತು. ನಾವು ನುಂಗೋ ಮೆಣಸು, ಜೇನು, ಶುಂಠಿ ಕಷಾಯ ಯಾವುದೂ ಧ್ವನಿ ತಂತುವಿಗೆ ತಾಕಲ್ಲ. ಅನ್ನದ ದಾರಿ ಬೇರೆ, ಉಸಿರಿನ ದಾರಿ ಬೇರೆ. ಹಾಗೇನಾದ್ರೂ ತಾಕಿದ್ರೆ ಕೆಮ್ಮಿ ಕೆಮ್ಮಿ ಸಾಯ್ತೀವಿ. ದನಿಗೆ ಬೇಕಾಗಿರೋದು ದಿನವಿಡೀ ಸ್ವಲ್ಪ ಸ್ವಲ್ಪ ನೀರು, ನಿದ್ದೆ, ಹಾಡಿನ ಮಧ್ಯೆ ವಿಶ್ರಾಂತಿ. ದನಿ ಕಟ್ಟಿದಾಗ ಪಿಸುಗುಟ್ಟೋದೂ ಒಳ್ಳೇದಲ್ಲ. ಸುಮ್ಮನಿರೋದು ಒಳ್ಳೇದು.

ಆಮೇಲೆ ಬಂತು ನೋಡಿ, ನಾನು ಕಾಯ್ತಿದ್ದ ವಿಷಯ. ಉಚ್ಚಾರಣೆ. ಒಂದು ಹಾಡು ಹೇಳಿ ಅಂದ್ರು, ಹೇಳಿದೆ. ನಿಲ್ಲಿಸಿದ್ರು. "ಜೈ ಬೀಮ್ ಅಂತೀರಲ್ಲ" ಅಂದ್ರು. ನನ್ನ ಮೈ ಬಿಗಿಯಾಯ್ತು. ಮೇಕೆ ಮತ್ತೆ ಬಂತು ಅಂದ್ಕೊಂಡೆ. ಅವರು ಹೇಳಿದ್ದೇ ಬೇರೆ. "ಬೀ ಅಂದಾಗ ತುಟಿ ಬಿರಿದು ದನಿ ತಕ್ಷಣ ಬರುತ್ತೆ. ಭೀ ಅಂದಾಗ ದನಿ ಜೊತೆಗೇ ಉಸಿರೂ ಹೋಗುತ್ತೆ. ಸಾವಿರ ಜನರ ಮುಂದೆ ಕೂಗುವಾಗ ನಿಮ್ಮ ಬೀ ಉಸಿರು ಉಳಿಸುತ್ತೆ. ನಿಧಾನದ ಹಾಡಲ್ಲಿ ಭೀ ಚೆನ್ನಾಗಿ ಕೇಳುತ್ತೆ. ಎರಡೂ ನಿಮ್ಮ ಬಾಯಲ್ಲಿರಲಿ. ಎಲ್ಲಿ ಯಾವುದು ಅಂತ ನೀವೇ ತೀರ್ಮಾನ ಮಾಡಿ."

ನಾನು ಇಡೀ ಪೋಸ್ಟಿನಲ್ಲಿ ಹೇಳೋಕೆ ಹೊರಟಿರೋದು ಇದೇ ಮಾತು. ಎರಡೂ ನಿಮ್ಮ ಬಾಯಲ್ಲಿರಲಿ, ತೀರ್ಮಾನ ನಿಮ್ಮದಾಗಿರಲಿ. ಮೊದಲ ಟೀಚರ್ ನನ್ನ ಒಂದು ನಾಲಿಗೆ ಕಿತ್ತು ಇನ್ನೊಂದು ನಾಲಿಗೆ ಇಡೋಕೆ ಹೋದ್ರು. ಇವರು ಇರೋ ನಾಲಿಗೆಗೆ ಇನ್ನೊಂದು ಕೆಲಸ ಕಲಿಸಿದ್ರು. ಇಬ್ಬರೂ ಮೇಲ್ಜಾತಿಯವರೇ. ಆದ್ದರಿಂದ ಇದು ಟೀಚರ್ ಯಾವ ಜಾತಿ ಅನ್ನೋದಕ್ಕಿಂತ, ಅವರು ನಿಮ್ಮನ್ನ ಏನು ಮಾಡೋಕೆ ಹೊರಟಿದ್ದಾರೆ ಅನ್ನೋ ಪ್ರಶ್ನೆ.

*

ಈಗ "ತಾಲೀಮು ನಮ್ಮದಲ್ಲ" ಅನ್ನೋ ಅಣ್ಣಂದಿರಿಗೆ.

ನಮ್ಮ ತಾತ ನೀಲಗಾರ. ಮಳವಳ್ಳಿ, ಕೊಳ್ಳೇಗಾಲದ ಕಡೆಯವರಿಗೆ ಹೇಳಬೇಕಾಗಿಲ್ಲ, ಮಿಕ್ಕವರಿಗೆ ಹೇಳ್ತೀನಿ: ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆಯನ್ನ ತಂಬೂರಿ ಹಿಡಿದು ರಾತ್ರಿಯಿಡೀ ಹಾಡೋರು. ಕತ್ತಲಾದ ಮೇಲೆ ಶುರು ಮಾಡಿದ್ರೆ ಕೋಳಿ ಕೂಗೋವರೆಗೂ. ತಾತನ ದನಿ ಎಪ್ಪತ್ತರ ವಯಸ್ಸಲ್ಲೂ ಹಾಗೇ ಇತ್ತು. ಹೆಂಗೆ? ಚಿಕ್ಕಂದಿನಲ್ಲಿ ನಾನು ದೇವರ ಮಹಿಮೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಅಷ್ಟೂ ಲೆಕ್ಕಾಚಾರ. ಮುಂದಾಳು ಒಂದು ಸಾಲು ಹೇಳ್ತಾನೆ, ಹಿಮ್ಮೇಳದವರು ಎತ್ತಿಕೋತಾರೆ. ಅವನಿಗೆ ಅಷ್ಟೊತ್ತು ಉಸಿರು ಸಿಗುತ್ತೆ. ನಾಲ್ಕು ಸಾಲು ಪದ ಆದ ಮೇಲೆ ಮಾತಲ್ಲಿ ಕಥೆ. ಗಂಟಲಿಗೆ ಆಗ ವಿರಾಮ. ಶುರುವಿನಲ್ಲಿ ತಗ್ಗಿನ ದನಿಯ ಸ್ತುತಿ, ಏರಿಕೆ ಎಲ್ಲ ಆಮೇಲೆ. ಗದ್ದಲದಲ್ಲಿ ತಾತ ಒಂದು ಕೈ ಕಿವಿಗೆ ಹಿಡಿದು ಹಾಡ್ತಿದ್ರು. ಕೋಚ್ ಕೂಡ ನನಗೆ ಅದನ್ನೇ ಹೇಳಿದ್ರು: ನಿಮ್ಮ ದನಿ ನಿಮಗೇ ಕೇಳದೆ ಇದ್ದಾಗ ನೀವು ಗೊತ್ತಿಲ್ಲದೇ ಕಿರುಚ್ತೀರಿ, ಅಂಗೈ ಕಿವಿಗೆ ಹಿಡೀರಿ ಅಂತ.

ತಾತ ವರ್ಷಗಟ್ಟಲೆ ಗುರುವಿನ ಹಿಂದೆ ಹಿಮ್ಮೇಳದಲ್ಲಿ ನಿಂತು ಕಲಿತಿದ್ರು. ಅದು ತಾಲೀಮಲ್ಲದೆ ಮತ್ತೇನು? ಅದಕ್ಕೆ ಪಠ್ಯಪುಸ್ತಕ ಇರಲಿಲ್ಲ, ಫೀಸು ಇರಲಿಲ್ಲ, ಅಷ್ಟೇ. "ನಮ್ಮೋರಿಗೆ ಹಾಡು ರಕ್ತದಲ್ಲೇ ಇದೆ, ಕಲಿಯಬೇಕಾಗಿಲ್ಲ" ಅಂತ ಹೊಗಳ್ತಾರಲ್ಲ, ಆ ಹೊಗಳಿಕೆಯಲ್ಲಿ ಮೋಸ ಇದೆ. ಅವರು ಕಲಿತರೆ ವಿದ್ಯೆ, ನಾವು ಕಲಿತರೆ ರಕ್ತ! ರಕ್ತದಲ್ಲೇ ಬಂದಿದ್ದಕ್ಕೆ ಸಂಬಳ ಕೊಡಬೇಕಾಗಿಲ್ಲ, ಗೌರವ ಕೊಡಬೇಕಾಗಿಲ್ಲ. ಇದು ಜಾತಿಯ ಹಳೇ ಲೆಕ್ಕ. ಆ ಲೆಕ್ಕಾನ ನಾವೇ ವೇದಿಕೆ ಮೇಲೆ ನಿಂತು ಹೇಳಬಾರದು.

ಮೃದಂಗದ ಕಥೆನೂ ಇದೇ. ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡೋರ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದರು. ಆ ವಾದ್ಯಕ್ಕೆ ದನಿ ಕೊಡೋದು ಹಸು, ಎಮ್ಮೆ, ಆಡಿನ ಚರ್ಮ. ಅದನ್ನ ಹದ ಮಾಡಿ ಕಟ್ಟೋ ಕೈಗಳಲ್ಲಿ ಹೆಚ್ಚಿನವು ದಲಿತರವು. ಯಾವ ನಾದಕ್ಕೆ ಯಾವ ಚರ್ಮ, ಎಷ್ಟು ಬಿಗಿ ಅಂತ ಅವರಿಗೆ ಗೊತ್ತು. ಆದ್ರೂ ವೇದಿಕೆ ಮೇಲೆ ಹೆಸರು ಬಾರಿಸೋರದ್ದು.

ಬಾಬಾಸಾಹೇಬರ ವಿಷಯಕ್ಕೆ ಬನ್ನಿ. ಶಾಲೆಯಲ್ಲಿ ಅವರಿಗೆ ಸಂಸ್ಕೃತ ಓದೋಕೆ ಬಿಡಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಸಂಸ್ಕೃತ ಅವರದ್ದು, ನಮಗೆ ಬೇಡ ಅಂತ ಬಾಬಾಸಾಹೇಬರು ಬಿಟ್ರಾ? ಆಮೇಲೆ ತಾವೇ ಕಲಿತು, ಅವರ ಗ್ರಂಥಗಳನ್ನ ಬಿಡಿಸಿ ಅವರ ಮುಂದೇ ಇಟ್ರು. ಅಷ್ಟೇ ಅಲ್ಲ, ಬದುಕಿನ ಕೊನೆಯ ವರ್ಷಗಳಲ್ಲಿ, ಅಷ್ಟೆಲ್ಲ ಕೆಲಸ, ಅಷ್ಟೆಲ್ಲ ಕಾಯಿಲೆ ಮಧ್ಯೆ, ಗುರುವನ್ನ ಇಟ್ಕೊಂಡು ಪಿಟೀಲು ಕಲಿತರು. ಪಿಟೀಲು ಹಿಡಿದ ಬಾಬಾಸಾಹೇಬರನ್ನ ಯಾರಾದ್ರೂ "ನೀವು ಅವರಂಗೆ ಆಗ್ಬುಟ್ರಿ" ಅಂತಾರಾ?

*

ಹಾಗಂತ ಆಡಿಷನ್ ಅನ್ನೋದು ಸ್ವಚ್ಛವಾದ ಜಾಗ ಅಂತ ನಾನು ಹೇಳ್ತಿಲ್ಲ. ಎದುರಿಗೆ ಕೂತು ಕೇಳೋ ಕಿವಿಗೂ ಒಂದು ಚರಿತ್ರೆ ಇದೆ. ಆಕಾಶವಾಣಿಯಲ್ಲಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂಗೇ ಬಹಿಷ್ಕಾರ ಇತ್ತು. ಕಂಪನಿ ನಾಟಕದವರ, ಭಜನೆ ಮನೆಯವರ ಪೆಟ್ಟಿಗೆಗೆ ರೇಡಿಯೋದಲ್ಲಿ ಜಾಗ ಇಲ್ಲ. ಐವತ್ತರ ದಶಕದಲ್ಲಿ ಬಿ.ವಿ. ಕೇಸ್ಕರ್ ಸಚಿವರಾಗಿದ್ದಾಗ ಕಲಾವಿದರಿಗೆ ಆಡಿಷನ್, ಗ್ರೇಡ್ ಪದ್ಧತಿ ಬಿಗಿಯಾಯ್ತು. ಯಾವುದು ಸಂಗೀತ, ಯಾವುದು ಗಲಾಟೆ ಅಂತ ಯಾರೋ ಕೂತು ತೀರ್ಮಾನ ಮಾಡಿದ್ದೇ ನಮ್ಮ ಕಿವಿಗೂ ಬಂದಿದೆ.

ಗಂಗೂಬಾಯಿ ಹಾನಗಲ್ ಅವರನ್ನ ನೆನೀರಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಪುಟ್ಟ ಹುಡುಗಿ, ಜಾತಿ ಕಾರಣಕ್ಕೆ ಊಟದ ಹೊತ್ತಲ್ಲಿ ಏನು ಅವಮಾನ ಆಗುತ್ತೋ ಅಂತ ಅಳುಕಿದ್ದಳು. ಮುಂದೆ ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ಗಡುಸಾಯ್ತು, ಗಂಡಸಿನ ದನಿ ಥರ. ಇವತ್ತಿನ ಟಿವಿ ಆಡಿಷನ್ನಿನ ಸಾಲಲ್ಲಿ ನಿಂತಿದ್ರೆ ಆ ದನಿಗೆ "ಸ್ವಲ್ಪ ಸಾಫ್ಟ್ ಮಾಡಿ ಮೇಡಂ" ಅಂತಿದ್ರು. ಅವರು ಅದನ್ನ ಸಾಫ್ಟ್ ಮಾಡಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹತ್ರ ತಾಲೀಮು ಮಾಡಿ ಅದೇ ದನಿಯನ್ನ ದೇಶ ಎದ್ದು ನಿಂತು ಕೇಳೋ ಹಾಗೆ ಮಾಡಿದ್ರು. ದನಿ ಬದಲಾಯಿಸೋಕೆ ಅಲ್ಲ, ಬದಲಾಗಿದ್ದ ದನಿಯನ್ನ ಕೈವಶ ಮಾಡ್ಕೊಳ್ಳೋಕೆ ತಾಲೀಮು.

ನನ್ನ ಆಡಿಷನ್ ಏನಾಯ್ತು ಅಂತ ಕೇಳ್ತೀರಾ? ಆರು ವಾರ ತಯಾರಿ ಮಾಡಿ ಹೋದೆ. ಎರಡು ಹಾಡು ಹಾಡಿದೆ. "ತುಂಬಾ ರಾ ಆಗಿದೆ, ಇನ್ನೊಂದು ಸಲ ಸಣ್ಣಗೆ ಹಾಡಿ" ಅಂದ್ರು. ಹಾಡಿದೆ. ಉಸಿರು ಕಲಿತಿದ್ರಿಂದ ಸಣ್ಣಗೂ ಹಾಡೋಕೆ ಬಂತು. ಆಮೇಲೆ, "ಸರ್, ಈಗ ಈ ಹಾಡು ಹೆಂಗಿರಬೇಕೋ ಹಂಗೆ ಒಂದ್ಸಲ ಹಾಡ್ತೀನಿ" ಅಂತ ಪೂರ್ತಿ ದನಿ ಬಿಟ್ಟು ಹಾಡಿದೆ. ಸೆಲೆಕ್ಟ್ ಆಗಲಿಲ್ಲ. ಬೇಜಾರಾಯ್ತು, ಬಸ್ಸಲ್ಲಿ ಅತ್ತೆ. ಆದ್ರೆ ಗಂಟಲು ನೋಯ್ತಿರಲಿಲ್ಲ. ಮಾರನೇ ದಿನ ಒಂದು ಧರಣಿಯಲ್ಲಿ ಎರಡು ಗಂಟೆ ಹಾಡಿದೆ, ಅದರ ಮಾರನೇ ದಿನವೂ ದನಿ ಇತ್ತು. ನನಗೆ ಅದೇ ರಿಸಲ್ಟ್.

ಇವತ್ತು ಟಿವಿ ಆಡಿಷನ್‌ಗೆ ಹೋಗೋ ನಮ್ಮ ಮಕ್ಕಳಿಗೆ ಇನ್ನೊಂದು ಬಲೆ ಕಾದಿರುತ್ತೆ. ಹಾಡು ಮುಗೀತಿದ್ದಂಗೆ "ಮನೇಲಿ ಏನ್ಮಾಡ್ತಾರೆ?" ಅಂತ ಕೇಳ್ತಾರೆ. ಅಮ್ಮ ಪೌರಕಾರ್ಮಿಕೆ, ಅಪ್ಪ ಇಲ್ಲ ಅಂದ್ರೆ ಅವರ ಕಣ್ಣು ಹೊಳೆಯುತ್ತೆ. ಕ್ಯಾಮೆರಾ ಮನೆಗೆ ಬರುತ್ತೆ, ಸೋರೋ ಶೀಟು ತೋರಿಸುತ್ತೆ, ಹಿಂದೆ ಪಿಟೀಲು ಅಳುತ್ತೆ. ನಿಮ್ಮ ಕಥೆ ನಿಮ್ಮದು, ಹೇಳೋದು ಬಿಡೋದು ನಿಮ್ಮಿಷ್ಟ. ಅಮ್ಮನ ಕೆಲಸದ ಬಗ್ಗೆ ನಾಚಿಕೆ ಬೇಡವೇ ಬೇಡ. ಆದ್ರೆ ಹಾಡಿಗೆ ಮಾರ್ಕ್ಸ್ ಕೊಡದೆ ಕಣ್ಣೀರಿಗೆ ಮಾರ್ಕ್ಸ್ ಕೊಡೋ ಜಾಗದಲ್ಲಿ, ಕಣ್ಣೀರು ಹಳೇದಾದ ದಿನ ನಿಮ್ಮನ್ನ ಮನೆಗೆ ಕಳಿಸ್ತಾರೆ. ಹಾಡು ಗಟ್ಟಿ ಇದ್ರೆ "ಮೊದ್ಲು ನನ್ನ ಹಾಡಿನ ಬಗ್ಗೆ ಹೇಳಿ ಸರ್" ಅನ್ನೋ ಧೈರ್ಯ ಬರುತ್ತೆ. ಆ ಧೈರ್ಯಕ್ಕೆ ತಾಲೀಮು ಬೇಕು.

*

ಆ ಹುಡುಗಿಗೂ, ಅವಳಂಥ ಎಲ್ಲರಿಗೂ ಕೆಲವು ಮಾತು.

ಕೋಚ್ ಹತ್ರ ಮೊದಲ ದಿನವೇ ಕೇಳು: "ನನ್ನ ದನಿಯಲ್ಲಿ ಏನು ಚೆನ್ನಾಗಿದೆ?" ಉತ್ತರ ಇಲ್ಲದವರು ನಿನ್ನ ದನಿ ಕೇಳಿಸ್ಕೊಂಡೇ ಇಲ್ಲ. ಉಸಿರು, ಶ್ರುತಿ, ಗಂಟಲಿನ ಆರೈಕೆಯಿಂದ ಶುರು ಮಾಡಿದ್ರೆ ಮುಂದುವರಿ. ನಿನ್ನ ಭಾಷೆಯಿಂದ ಶುರು ಮಾಡಿದ್ರೆ ಯೋಚನೆ ಮಾಡು. ಹಾಡಿದ ಮೇಲೆ ಗಂಟಲು ನೋಯ್ತಿದ್ರೆ, "ಅದೆಲ್ಲ ಅಭ್ಯಾಸ ಆಗುತ್ತೆ" ಅನ್ನೋ ಕೋಚ್‌ನ ಬಿಟ್ಟು ಬಾ. ನೋವು ಅಭ್ಯಾಸ ಆಗಬಾರದು.

ನಿನ್ನ ಶ್ರುತಿ ಯಾವುದು ಅಂತ ತಿಳ್ಕೊ. ಫೋನಲ್ಲೇ ತಂಬೂರಿ ಆ್ಯಪ್ ಇದೆ. ಆಡಿಷನ್‌ನಲ್ಲಿ ಕೇಳಿದ ತಕ್ಷಣ ಇಂಥ ಮನೆ ಅಂತ ಹೇಳೋಕೆ ಬರಬೇಕು. ಮೂರು ಹಾಡು ತಯಾರಿ ಇರಲಿ: ಒಂದು ನಿಧಾನದ್ದು, ಒಂದು ಏರುದನಿಯದ್ದು, ಒಂದು ನಿಮ್ಮ ಅಜ್ಜಿ ಹಾಡ್ತಿದ್ದ ಪದ. ಕಷ್ಟದ್ದು ಅಂತ ಯಾವುದನ್ನೂ ಆರಿಸಬೇಡ, ನಿನಗೆ ಚೆಂದ ಆಗೋದನ್ನ ಆರಿಸು. ಎಷ್ಟೋ ಕಡೆ ಒಂದು ನಿಮಿಷಕ್ಕೆ ನಿಲ್ಲಿಸ್ತಾರೆ, ಹಾಗಾಗಿ ಹಾಡಿನ ಜೀವ ಇರೋ ಜಾಗದಿಂದಲೇ ಎತ್ಕೊ. ಹಾಡಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳು, ಅವತ್ತೇ ಬೇಡ. ಕಾಯೋ ಸಾಲಲ್ಲಿ ಹಾಡ್ತಾ ನಿಲ್ಲಬೇಡ, ತುಟಿ ಬ್ರ್ರ್ರ್ ಸಾಕು. ಯಾವುದಕ್ಕಾದ್ರೂ ಸಹಿ ಹಾಕು ಅಂದ್ರೆ ಓದದೆ ಹಾಕಬೇಡ, ನಮ್ಮ ವಕೀಲ ಸಂಗಾತಿಗಳು ಇದಾರೆ, ಫೋಟೋ ತೆಗೆದು ಕಳಿಸು.

ದನಿ ಎರಡು ಮೂರು ವಾರಕ್ಕಿಂತ ಹೆಚ್ಚು ಕಾಲ ಕಟ್ಟಿಕೊಂಡೇ ಇದ್ರೆ ಡಾಕ್ಟರಿಗೆ ತೋರಿಸು. ನನ್ನ ಥರ ಎಂಟು ತಿಂಗಳು ಕಾಯಬೇಡ.

*

ಕೊನೆಗೆ ನಮ್ಮ ಸಂಘಟನೆಗಳಿಗೆ. ಬಯ್ಯೋದಾದ್ರೆ ಬಯ್ರಿ, ಆದ್ರೆ ಕೇಳಿ.

ನಮ್ಮ ಹಾಡುತಂಡಗಳಲ್ಲಿ ಶ್ರುತಿ ಯಾರದ್ದು? ಮುಖ್ಯ ಗಾಯಕ ಅಣ್ಣನದ್ದು. ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆ ಆಸುಪಾಸಿನ ಶ್ರುತಿ ಹೊಂದುತ್ತೆ, ಹೆಂಗಸರಿಗೆ ಐದರ ಆಸುಪಾಸು. ಅಣ್ಣನ ಶ್ರುತಿಯಲ್ಲೇ ಹಾಡಿ ಅಂದ್ರೆ ನಾವು ಒಂದೋ ಕೆಳಗೆ ಗೊಣಗಬೇಕು, ಇಲ್ಲ ಮೇಲೆ ಕಿರುಚಬೇಕು. ನಾನು ಹದಿನೈದು ವರ್ಷ ಕಿರುಚಿದೆ. ಅದನ್ನ ಕೆಚ್ಚು ಅಂತ ಕರೆದರು. ಸಮಾನತೆಯ ಹಾಡನ್ನ ಗಂಡಸಿನ ಶ್ರುತಿಯಲ್ಲೇ ಹಾಡಬೇಕು ಅಂತ ಯಾವ ಸಂವಿಧಾನದಲ್ಲಿದೆ? ಹೆಣ್ಣುಮಕ್ಕಳು ಮುಂದಾಳಾದ ಹಾಡಿಗೆ ಅವರ ಶ್ರುತಿ ಇಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಭಾಷಣಕ್ಕೆ ಒಳ್ಳೇ ಮೈಕು, ಹಾಡಿಗೆ ಕಿರುಗುಟ್ಟೋ ಮೈಕು ಅನ್ನೋದು ಬಿಡಿ. ಗಣ್ಯರು ಬರೋವರೆಗೂ ಹಾಡ್ತಾ ಇರಿ ಅಂತ ಎರಡು ಗಂಟೆ ನಿಲ್ಲಿಸೋದು ಬಿಡಿ. ಹಾಡುಗಾರರು ಖಾಲಿ ಜಾಗ ತುಂಬೋ ಸಾಮಾನಲ್ಲ. ಭಾಷಣಕಾರರಿಗೆ ಕಾರು, ಹಾಡೋರಿಗೆ ಬಸ್ ಚಾರ್ಜು ಕೂಡ ಇಲ್ಲ ಅನ್ನೋದನ್ನ ಬಹಿರಂಗವಾಗಿ ಹೇಳೋಕೆ ನನಗೆ ಸಂಕಟ ಆಗುತ್ತೆ, ಆದ್ರೆ ನಿಜ. ವರ್ಷಕ್ಕೊಮ್ಮೆ, ಏಪ್ರಿಲ್‌ಗೆ ಮುಂಚೆ, ಜಿಲ್ಲೆಗೊಂದು ಎರಡು ದಿನದ ದನಿ ಶಿಬಿರ ಮಾಡೋಣ. ಒಬ್ಬ ದನಿ ತರಬೇತುದಾರರು, ಒಬ್ಬ ಡಾಕ್ಟರು, ನೀಲಗಾರರು, ತಂಬೂರಿ ಪದದವರು, ಸೋಬಾನೆ ಹಾಡೋ ಅವ್ವಂದಿರು ಎಲ್ಲರೂ ಗುರುಗಳಾಗಿ ಕೂರಲಿ. ನಾನು ಓಡಾಡೋಕೆ ತಯಾರಿದೀನಿ. ಜೊತೆ ಬರೋರು ಕಾಮೆಂಟಲ್ಲಿ ತಿಳಿಸಿ.

ಯಾವ ಕಾರ್ಯಕ್ರಮಕ್ಕೆ ಹೋಗಿ ನೋಡಿ, ಹುಡುಗರು ಮೊದಲು ಮಾಡೋ ಕೆಲಸ ಏನು? ಒಂದಿಷ್ಟು ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸ್ತಾರೆ. ಚರ್ಮ ಬಿಗಿಯಾಗೋವರೆಗೂ ತಿರುಗಿಸಿ ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿ, ಆಮೇಲೇ ಬಾರಿಸೋದು. ಕಾಯಿಸದ ತಮಟೆ ಬಾರಿಸಿದ್ರೆ ಹಿರಿಯರು ಬಯ್ತಾರೆ. ಅದನ್ನ ಯಾರೂ ಮಡಿವಂತಿಕೆ ಅನ್ನಲ್ಲ. ಅದು ವಾದ್ಯಕ್ಕೆ ನಾವು ಕೊಡೋ ಮರ್ಯಾದೆ.

ಆ ಬೆಂಕಿ ಪಕ್ಕದಲ್ಲೇ ಹಾಡೋ ಹುಡುಗಿ ನಿಂತಿರ್ತಾಳೆ, ತಣ್ಣನೆ ಗಂಟಲಲ್ಲಿ. ಅವಳಿಗೂ ಹತ್ತು ನಿಮಿಷ ಕೊಡಿ.

ಆಡಿಷನ್ ಬರೋ ತಿಂಗಳಂತೆ. ನಿನ್ನೆ ಮೆಸೇಜ್ ಮಾಡಿದ್ಲು: "ಅಕ್ಕ, ಮೊದಲ ಕ್ಲಾಸ್ ಆಯ್ತು. ಹಾಡಿಸ್ಲೇ ಇಲ್ಲ. ನೆಲದ ಮ್ಯಾಲೆ ಮಲಗ್ಸುದ್ರು." ನಾನು ಬಿದ್ದು ಬಿದ್ದು ನಕ್ಕೆ. ಗೆದ್ದು ಬಾ ಮಗಾ. ಗೆಲ್ಲದಿದ್ರೂ ಪರವಾಗಿಲ್ಲ, ದನಿ ಜೊತೆಗೆ ಬಾ. ಏಪ್ರಿಲ್ 14ಕ್ಕೆ ನಿನ್ನ ಶ್ರುತಿಯಲ್ಲೇ ಹಾಡೋಣ.

ಜೈ ಭೀಮ್.